ತೂತು ಕೊರೆದ ಬದನೆ

“ಬುದ್ಧಿ, ಭಕ್ತರೊಬ್ಬರು ದಾಸೋಹಕ್ಕೆ ಬುಟ್ಟಿಗಟ್ಟಲೆ ಕುಲಾಂತರಿ ಬದನೆ ಕಳಿಸಿದ್ದಾರೆ. ಬೀಜದ ಗುಣವನ್ನೇ ತಿದ್ದಿ ಬೆಳೆಸಿದ್ದಂತೆ, ಹುಳ ಹತ್ತುವುದಿಲ್ಲವಂತೆ. ಗೊತ್ತಾದರೆ ಜನ ಎಲೆ ಬಿಟ್ಟು ಏಳುತ್ತಾರೆ. ಹೇಳದೆ ಬಡಿಸಿಬಿಡಲೇ?” ಎಂದು ಮಠದ ಅಡುಗೆ ನೋಡಿಕೊಳ್ಳುವ ಶಿಷ್ಯ ಸಂಗಯ್ಯ ಕೇಳಿದ.

“ಎಲಾ ಇವನ! ಇಷ್ಟೇಕೆ ಅವಸರ? ಕೂತುಕೋ,” ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ರೈತ ಇಂಥದೇ ಬದನೆ ಬೆಳೆದ. ಆ ಊರಿನ ಸಂತೆಯಲ್ಲಿ ಒಂದು ರೂಢಿ ಇತ್ತು. ಹುಳ ಕೊರೆದ ತೂತು ಒಂದಾದರೂ ಕಂಡರೆ ಮಾತ್ರ ಜನ ಬದನೆ ಕೊಳ್ಳುತ್ತಿದ್ದರು. ಹುಳ ತಿಂದು ಬದುಕಿದೆ ಎಂದರೆ ಔಷಧಿ ಹೊಡೆದಿಲ್ಲ ಎಂದು ಅವರ ಲೆಕ್ಕ. ಇವನ ಬದನೆಯೋ ಕನ್ನಡಿಯಂತೆ ನುಣ್ಣಗಿತ್ತು. “ಹುಳಕ್ಕೇ ಬೇಡವಾದದ್ದು ನಮಗೇಕೆ?” ಎಂದು ಎಲ್ಲರೂ ಮುಂದೆ ಹೋದರು. ರೈತ ತಲೆ ಓಡಿಸಿದ. ಗೋಣಿ ಹೊಲಿಯುವ ದಬ್ಬಣ ತೆಗೆದುಕೊಂಡು ಒಂದೊಂದು ಕಾಯಿಗೂ ತೂತು ಕೊರೆದ. ಜನ ಮುಗಿಬಿದ್ದು ಕೊಂಡರು! ನಗಬೇಡ, ನೀನಾದರೂ ಕೊಳ್ಳುತ್ತಿದ್ದೆ.

ಒಬ್ಬ ತಾಯಿಯೂ ಕೊಂಡಳು. ಅವಳ ಬಸುರಿ ಮಗಳಿಗೆ ಎಣ್ಣೆಗಾಯಿಯ ಬಯಕೆ. ಮಗಳು ಚಪ್ಪರಿಸಿ ಉಂಡಳು. ಇನ್ನಷ್ಟು ತರೋಣವೆಂದು ತಾಯಿ ರೈತನ ಮನೆಗೇ ಹೋದಳು. ಅವನು ಪಡಸಾಲೆಯಲ್ಲಿ ಕೂತು ದಬ್ಬಣ ಚುಚ್ಚುತ್ತಿದ್ದ. ತೂತು ಹುಳದ್ದಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

“ಅಯ್ಯೋ ಪಾಪಿ, ಏನನ್ನು ತಿನ್ನಿಸಿದೆಯೋ ನನ್ನ ಮಗಳಿಗೆ! ಹೊಟ್ಟೆಯಲ್ಲಿರುವ ಕೂಸಿನ ಗತಿ ಏನು?”

ರೈತ ದಬ್ಬಣ ಕೆಳಗಿಟ್ಟ. ಇದ್ದದ್ದನ್ನು ಇದ್ದಂತೆ ಹೇಳಿ ಅವಳನ್ನು ಅಡುಗೆಮನೆಗೆ ಕರೆದೊಯ್ದ. ಅಲ್ಲಿ ಅವನ ಬಸುರಿ ಸೊಸೆ ಅದೇ ಬದನೆಯ ಪಲ್ಯದಲ್ಲಿ ರೊಟ್ಟಿ ತಿನ್ನುತ್ತಿದ್ದಳು. “ಎಂಥದೆಂದು ಗೊತ್ತಿದ್ದೇ ಮೊದಲಿನಿಂದಲೂ ಇದನ್ನು ಉಣ್ಣುತ್ತಿದ್ದೇನೆ ಅವ್ವಾ, ಚೆನ್ನಾಗಿಯೇ ಇದ್ದೇನೆ,” ಎಂದಳು.

“ಸದ್ಯ, ಬದುಕಿದೆ!” ಎಂದು ತಾಯಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ರೈತನನ್ನು ಕೇಳಿದಳು: “ನಿನ್ನ ಸೊಸೆಗೆ ತಿಳಿಸಿ ಉಣಿಸಿದೆ. ನನ್ನ ಮಗಳಿಗೆ?”

ಮುಂದಿನ ಸಂತೆಯಲ್ಲಿ ರೈತ ನುಣ್ಣನೆಯ ಕಾಯಿಗಳನ್ನೇ ಇಟ್ಟು, ಅವು ಎಂಥವೆಂದು ಕೂಗಿ ಹೇಳಿದ. ಕೆಲವರು ಬೇಡವೆಂದು ಹೋದರು. ಕೆಲವರು ಕೇಳಿ ತಿಳಿದು ಕೊಂಡರು. ಆ ತಾಯಿಯೂ ಕೊಂಡಳು. ರೈತನಿಗೆ ಎದೆಯ ಭಾರ ಇಳಿದಂತಾಯಿತು.

ಕತೆ ಕೇಳಿ ಸಂಗಯ್ಯ ನಿಟ್ಟುಸಿರು ಬಿಟ್ಟ. “ಸದ್ಯ, ಬದನೆಯಲ್ಲಿ ದೋಷವಿರಲಿಲ್ಲ! ಹಾಗಾದರೆ ಹೇಳದೆ ಬಡಿಸಿದರೂ ಅಡ್ಡಿಯಿಲ್ಲ, ಬುದ್ಧಿ.”

ಗುರುಗಳು ಅವನ ಮುಖವನ್ನೇ ನೋಡಿದರು.

“ದೋಷವಿಲ್ಲದ್ದನ್ನು ಮುಚ್ಚಿಡುವುದೇಕೆ, ಮಗನೇ?”