ಹೊಳೆಗೆ ಹಾಕಿದ ಬೇಲಿ

ನಿಂಗಯ್ಯ ಆಶ್ರಮಕ್ಕೆ ಬಂದಾಗ ಅವನಿಗೆ ಬದುಕೇ ಬೇಡವಾಗಿತ್ತು. ಗುರು ಮರುಳಯ್ಯ ಮಂತ್ರ ಕೊಡಲಿಲ್ಲ, ಉಪದೇಶ ಮಾಡಲಿಲ್ಲ. ಹೊಳೆದಂಡೆಯ ಹೊಂಗೆ ಮರ ತೋರಿಸಿ, "ಅಲ್ಲಿರು" ಎಂದರು.

ಇದ್ದ. ಹರಿಯುವ ನೀರು ನೋಡಿದ. ಮಿಂಚುಳ್ಳಿ ಮೀನಿಗೆ ಹೊಂಚುವುದನ್ನು ನೋಡಿದ. ಮೂರು ತಿಂಗಳಿಗೆ ನಿದ್ದೆ ಬಂತು. ಆರು ತಿಂಗಳಿಗೆ ನಗು ಬಂತು.

ನಗು ಬಂದವನು ಮಾಡಿದ ಮೊದಲ ಕೆಲಸ, ದಂಡೆಯುದ್ದಕ್ಕೂ ಜಾಲಿಮುಳ್ಳಿನ ಬೇಲಿ ಹಾಕಿದ್ದು. ಬಟ್ಟೆ ಒಗೆಯಲು ಬರುವ ಹೆಂಗಸರ ಗದ್ದಲಕ್ಕೆ ಅವನ ಧ್ಯಾನ ಕೆಡುತ್ತಿತ್ತಂತೆ! ಗುರು ಆಗ ಊರೂರು ತಿರುಗಲು ಹೋಗಿದ್ದರು.

ಗುರು ತಿರುಗಿ ಬಂದ ಬೆಳಿಗ್ಗೆಯೇ ಹುಲಿಗೆಮ್ಮ ಬಂದಳು. ಊರಿನ ಶೆಡ್ಡಿನಲ್ಲಿ ಹೊತ್ತು ಹುಟ್ಟುವುದರಿಂದ ಮುಳುಗುವ ತನಕ ಬೀಡಿ ಕಟ್ಟುವವಳು. ಗುರು ಜಗುಲಿಯ ಮೇಲೆ ಕೂತಿದ್ದರು. ನಿಂಗಯ್ಯನೇ ಮುಂದಾದ.

"ಏನಾಗಿದೆ ತಾಯಿ?"

"ಏನೂ ಆಗಿಲ್ಲ ಸ್ವಾಮಿ, ಅದೇ ಕಷ್ಟ. ಯಾರೂ ಸತ್ತಿಲ್ಲ, ಜ್ವರ ಇಲ್ಲ. ಆದರೂ ಮಗಳು ಅವ್ವಾ ಅಂದ್ರೆ ಮೈ ಉರೀತೈತೆ. ನಿನ್ನೆ ಬಾವಿಕಟ್ಟೆ ಹತ್ರ ಬಾಳ ಹೊತ್ತು ನಿಂತಿದ್ದೆ. ಕೊಡ ತಗೊಂಡು ಹೋಗಿರಲಿಲ್ಲ."

ಅಂಥ ಬಾವಿಯ ಹತ್ತಿರ ನಿಂಗಯ್ಯನೂ ಒಮ್ಮೆ ನಿಂತವನೇ.

"ದಿನಾ ಬೆಳಿಗ್ಗೆ ಹೊಳೆದಂಡೆಯಲ್ಲಿ ಕೂರು ತಾಯಿ. ನೀರು ನೋಡು, ಹಕ್ಕಿಗಳ ದನಿ ಕೇಳು. ನಾನು ಬದುಕಿದ್ದೇ ಹಾಗೆ."

ಹುಲಿಗೆಮ್ಮ ನಕ್ಕಳು. ಒಳ್ಳೆಯ ನಗುವಲ್ಲ.

"ಯಾವ ಹೊಳೆ ಸ್ವಾಮಿ? ನೀವು ಬೇಲಿ ಜಡಿದಿದ್ದೀರಲ್ಲ, ಅದಾ? ನಮ್ಮ ಶೆಡ್ಡಿಗೂ ಒಂದು ಕಿಟಕಿ ಐತೆ. ಆಚೆಗೆ ಇನ್ನೊಂದು ಶೆಡ್ಡಿನ ಗೋಡೆ. ಅದನ್ನೇ ನೋಡ್ಲಾ?"

ನಿಂಗಯ್ಯ ತಡವರಿಸಿದ. "ಬೇಲಿ... ಗುರುಗಳ ಶಾಂತಿಗೆ ಅಂತ..."

"ನನ್ನ ಹೆಸರು ಯಾಕೆ ತರ್ತೀಯೋ?" ಎಂದು ಮರುಳಯ್ಯ ಎದ್ದರು. ನೆಟ್ಟಗೆ ಬೇಲಿಗೆ ಹೋಗಿ ಬರಿಗೈಯಲ್ಲಿ ಜಾಲಿ ಕೀಳತೊಡಗಿದರು.

"ಗುರುಗಳೇ, ಮುಳ್ಳು! ತಡೀರಿ, ಕುಡುಗೋಲು ತರ್ತೀನಿ."

"ಹಾಕುವಾಗ ನಿನಗೆ ಚುಚ್ಚಲಿಲ್ವಾ?"

"ಚುಚ್ಚಿತ್ತು."

"ಆಗ ಬಿಟ್ಟೆಯಾ?"

"ಇಲ್ಲ."

"ಮತ್ತೆ ಈಗ್ಯಾಕೆ ಬಿಡ್ತೀಯ? ಕೀಳು."

ಇಬ್ಬರೂ ಕಿತ್ತರು. ಹುಲಿಗೆಮ್ಮ ಸೆರಗು ಸಿಕ್ಕಿಸಿ ಮೂರನೆಯವಳಾಗಿ ನಿಂತಳು. ಮಧ್ಯಾಹ್ನದ ಹೊತ್ತಿಗೆ ದಂಡೆ ಬಯಲಾಯಿತು.

ಅವಳು ನೀರಿಗೆ ಕಾಲು ಇಳಿಬಿಟ್ಟು ಕೂತಳು. ಬಿಗಿದ ಭುಜ ಮೆಲ್ಲಗೆ ಸಡಿಲವಾಯಿತು, ಉಸಿರು ನಿಧಾನವಾಯಿತು.

"ತಣ್ಣಗೈತೆ" ಎಂದಳು, ತನಗೆ ತಾನೇ.

ಆಮೇಲೆ ಏನೋ ನೆನಪಾದವಳಂತೆ ಎದ್ದು ಕಾಲು ಒರೆಸಿಕೊಂಡಳು. "ಇವತ್ತೊಂದು ದಿನ ಕೆಲಸ ತಪ್ಪಿಸಿದೀನಿ. ನಾಳೇನೂ ನನ್ನ ಜಾಗ ಖಾಲಿ ಇದ್ರೆ ಬೇರೆಯವರನ್ನ ಕೂರಿಸ್ತಾರೆ. ಬರ್ತೀನಿ ಸ್ವಾಮಿ."

ನಿಂಗಯ್ಯ ಕಂಗಾಲಾದ. "ಬೇಲಿ ಕಿತ್ತರೂ ಇವಳಿಗೆ ಹೊಳೆ ಸಿಗಲಿಲ್ಲವಲ್ಲ ಗುರುಗಳೇ! ಮತ್ತೆ ಆ ಬಾವಿಯ ಹತ್ತಿರ ಹೋದರೆ? ಇನ್ನೇನು ಮಾಡೋದು?"

ಮರುಳಯ್ಯ ಅಂಗೈಗೆ ಹೊಕ್ಕ ಮುಳ್ಳು ತೆಗೆಯುತ್ತ, ತಲೆ ಎತ್ತದೆ ಹೇಳಿದರು:

"ಬೀಡಿ ಕಟ್ಟೋದು ಇವತ್ತೇ ಇವಳ ಹತ್ರ ಕಲಿ. ನಾಳೆ ಶೆಡ್ಡಿನಲ್ಲಿ ಇವಳ ಜಾಗದಲ್ಲಿ ನೀನು ಕೂರು."