ಒಲೆಗುಂಡಿನ ಗುಡ್ಡ

ಸೀಗೆಹಾಳದ ಪಟ್ಟಣ ಪಂಚಾಯಿತಿಗೆ ಹೊಸದಾಗಿ ವಾರ್ಡು ವಿಂಗಡಿಸಲು ಬಂದವರು ಊರ ಮೂಡಣದ ಬೋಳುಗುಡ್ಡವನ್ನು ಕಂಡು ತಲೆ ಕೆರೆದುಕೊಳ್ಳುತ್ತಾರೆ. ಅಲ್ಲಿ ಒಂದೂ ಮನೆಯಿಲ್ಲ, ಒಬ್ಬ ಮತದಾರನೂ ಇಲ್ಲ. ಆದರೂ ಕುಂಬಾರರ ವಾರ್ಡಿನ ಗಡಿ ಆ ಗುಡ್ಡವನ್ನು ಒಳಗೆ ಹಾಕಿಕೊಂಡೇ ಸಾಗಬೇಕೆಂದು ಊರವರು ಪಟ್ಟು ಹಿಡಿಯುತ್ತಾರೆ. ನಕ್ಷೆಯಲ್ಲಿ ಗೆರೆ ನೇರವಾಗಿದ್ದರೆ ಚೆನ್ನ ಎಂದು ಯಾರಾದರೂ ಹೇಳಿದರೆ ಮುದುಕಿಯರು ಮುಖ ಗಂಟಿಕ್ಕುತ್ತಾರೆ. ನೇರ ಗೆರೆ ಏನು ಮಾಡಬಲ್ಲದೆಂಬುದನ್ನು ಸೀಗೆಹಾಳ ಒಮ್ಮೆ ನೋಡಿದೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಮೂರು ಕೇರಿಗಳಿದ್ದವು: ಗೌಡರ ಮೇಲಿನ ಕೇರಿ, ಒಕ್ಕಲಿಗರ ಕೆಳಗಿನ ಕೇರಿ, ನಡುವೆ ಕುಂಬಾರ ಕೇರಿ. ಒಂದೊಂದು ಕೇರಿಯಿಂದ ಒಬ್ಬ ಹಿರಿಯ ಚಾವಡಿಯಲ್ಲಿ ಕೂರುತ್ತಿದ್ದ. ಕೆರೆಗೆ ಸಂಬಂಧಿಸಿದ ಯಾವ ಮಾತೂ ಮೂವರು ತಲೆಯಾಡಿಸದೆ ನಡೆಯುತ್ತಿರಲಿಲ್ಲ. ಕೆರೆಯಂಗಳದ ಜಿಗಟುಮಣ್ಣೇ ಕುಂಬಾರರ ಅನ್ನ. ಆ ಅಂಗಳವನ್ನು ಉತ್ತು ಹಿಂಗಾರಿ ಜೋಳ ಬಿತ್ತಬೇಕೆಂಬುದು ಮೇಲಿನ ಕೇರಿಯ ಹಿರಿಯ ಸಂಕನಗೌಡನ ಬಹುದಿನದ ಆಸೆ. ಕೇಳಿದಾಗಲೆಲ್ಲ ಕುಂಬಾರರ ಹಿರಿಯ ಕರಬಸಪ್ಪ ತಲೆಯಾಡಿಸಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಗೌಡ. ಕರಬಸಪ್ಪನನ್ನು ಬೈಯಲಿಲ್ಲ, ಹೊಡೆಸಲಿಲ್ಲ, ಕೇರಿಗಳ ಎಲ್ಲೆಯನ್ನಷ್ಟೇ ತಿದ್ದಿದ.

ಆ ಬೆಳಿಗ್ಗೆ ಕರಬಸಪ್ಪನ ಹೆಂಡತಿ ನಿಂಬವ್ವ ಅಂಗಳಕ್ಕೆ ಸಗಣಿನೀರು ಹಾಕಲು ಬಾಗಿಲು ತೆರೆದವಳು ಚೆಂಬು ಹಿಡಿದೇ ನಿಂತುಬಿಟ್ಟಳು. ಓಣಿಯ ನಟ್ಟನಡುವೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ಸುಣ್ಣದ ಗೆರೆ. ಎಡಸಾಲು ಇನ್ನು ಮೇಲಿನ ಕೇರಿಗಂತೆ, ಬಲಸಾಲು ಕೆಳಗಿನ ಕೇರಿಗಂತೆ. ಕುಂಬಾರ ಕೇರಿ ಎಂಬುದೇ ಇನ್ನಿಲ್ಲವಂತೆ! ಎದುರುಮನೆಯ ತಂಗಿ ಗೆರೆಯ ಆಚೆ, ತಾನು ಈಚೆ. ಗಂಡನ ಹಿಂದೆಯೇ ಚಾವಡಿಗೆ ಹೋದಳು.

"ಬಾಗಲಾ ಯಾವ ಓಣಿಗೆ ತೆರಿತೈತಿ ಅಂತ ಯಾರೂ ಕೇಳೂದಿಲ್ಲ ಕರಬಸಪ್ಪ," ಎಂದ ಗೌಡ, ಎಲೆಗೆ ಸುಣ್ಣ ಸವರುತ್ತ. "ಒಲಿ ಎಲ್ಲಿ ಐತಿ, ಮಾತು ಅಲ್ಲಿ. ಇದು ನಾ ಮಾಡಿದ್ದಲ್ಲ, ಹಿರ್ಯಾರ ಕಟ್ಟಳಿ. ನಿಮ್ಮ ಒಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ನಿನಗಿನ್ನ ಇಲ್ಲಿ ಕೂರೂ ಜಾಗ ಎಲ್ಲೈತಿ?"

ಸಿಟ್ಟಿಗೆದ್ದ ನಿಂಬವ್ವ ದಡದಡನೆ ಮನೆಗೆ ಬಂದು ಹಾರೆಯಿಂದ ತನ್ನ ಒಲೆಯ ಮೂರು ಗುಂಡುಗಳನ್ನು ಮೀಟಿ ಎಬ್ಬಿಸಿ, ಬಿಸಿ ಆರದ ಆ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ಬೀದಿಗಿಳಿದಳು. ಓಣಿಯಲ್ಲಿ ಹಾಹಾಕಾರವೆದ್ದಿತು. ಏಕೆಂದರೆ ಆ ಸೀಮೆಯಲ್ಲಿ ಮನೆತನ ಪೂರ್ತಿ ಅಳಿದು ದೀಪ ಹಚ್ಚುವವರಿಲ್ಲದಾಗ ಮಾತ್ರ ಒಲೆಗುಂಡು ಹೊರಬೀಳುವುದು. ಗಂಡ, ಮಕ್ಕಳು, ಮೊಮ್ಮಕ್ಕಳು ಕಣ್ಣೆದುರಿಗಿರುವ ಮುತ್ತೈದೆ ಅದನ್ನು ಹೊತ್ತು ನಡೆದದ್ದನ್ನು ಯಾರೂ ಕಂಡಿರಲಿಲ್ಲ.

"ಯವ್ವಾ, ಯಾರು ಸತ್ತಾರ?" ಎಂದು ತಂಗಿ ಚೀರಿದಳು.

"ನಮ್ಮ ಮಾತು ಸತ್ತೈತಿ," ಎಂದಳು ನಿಂಬವ್ವ. "ಒಲಿ ಇದ್ದಲ್ಲಿ ಮಾತಂತ. ಎಲ್ಲಾ ಒಲಿ ಒಂದಽ ಕಡಿ ಹೂಡೂಣು ಬರ್ರೆ!"

ತಂಗಿ ಅಳುತ್ತಲೇ ಹಾರೆ ಹಿಡಿದಳು. ಎಡಸಾಲು, ಬಲಸಾಲು ಎನ್ನದೆ ಹೆಂಗಸರೆಲ್ಲ ಗುಂಡು ಕಿತ್ತು ಹೊತ್ತು, ಸುಣ್ಣದ ಗೆರೆಯನ್ನು ತುಳಿಯುತ್ತ ಮೂಡಣದ ಗುಡ್ಡ ಹತ್ತಿದರು. ಹಾಡಹಗಲೇ ಒಂದು ಕೇರಿಗೆ ಕೇರಿಯೇ ತನ್ನ ಹೆಣ ತಾನೇ ಹೊತ್ತಂತೆ ನಡೆದಿತ್ತು ಎನ್ನುತ್ತಾರೆ. ಗುಡ್ಡದ ಮೇಲೆ ಹೊಗೆಯೆದ್ದುದನ್ನು ಕಂಡು ಗೌಡನ ಬಾಯೊಳಗಿನ ಎಲೆ ಬಾಯಲ್ಲೇ ಉಳಿಯಿತು. ಒಂದೇ ದಿನ ಇಷ್ಟು ಮನೆಗಳ ಒಲೆ ಹೊರಬಿದ್ದ ಊರಿಗೆ ಉಳಿಗಾಲವುಂಟೇ? ಅವನ ಸ್ವಂತ ಸೊಸೆಯೇ ಅಂದು ಒಲೆ ಹಚ್ಚಲು ಅಂಜಿದಳಂತೆ. ಗೌಡ ತಾನೇ ಬರಿಗಾಲಲ್ಲಿ ಓಣಿಗೆ ಬಂದು ಗೆರೆಯನ್ನು ಕಾಲಿನಿಂದ ಉಜ್ಜಿದ, ಕೊಡ ತರಿಸಿ ತೊಳೆದ. ಆಮೇಲೆ ಏದುಸಿರು ಬಿಡುತ್ತ ಗುಡ್ಡಕ್ಕೆ ಬಂದ.

"ತಾಯಿ, ಗೆರಿ ಅಳಿಸೀನಿ. ನಿಮ್ಮ ಕೇರಿ ನಿಮಗ, ಕೆರಿ ಮಣ್ಣೂ ನಿಮಗ. ಮನಿಗೆ ನಡೀರಿ."

ಹೆಂಡತಿಯ ಹಿಂದೆಯೇ ಗುಡ್ಡ ಹತ್ತಿದ್ದ ಕರಬಸಪ್ಪನ ಮುಖ ಅರಳಿತು. "ಗೆದ್ದಿ ಬಿಡು! ಏಳು, ಹೋಗೂಣು," ಎಂದು ಬುಟ್ಟಿಗೆ ಕೈ ಹಾಕಿದ. ನಿಂಬವ್ವ ಕೆಳಗೆ ತನ್ನ ಮನೆಯ ಕಡೆ ನೋಡಿದಳು. ಸಿಟ್ಟಿನ ಭರದಲ್ಲಿ ಹೊಳೆಯದಿದ್ದದ್ದು ಆಗ ಹೊಳೆಯಿತು. ಸುತ್ತ ಕುಳಿತ ಹೆಂಗಸರ ಮುಖಗಳೂ ಒಂದೊಂದಾಗಿ ಬಿಳಿಚಿದವು.

"ಗೆರಿ ಅಳಿಸಬೌದ್ರೀ ಗೌಡ್ರ," ಎಂದು ಬುಟ್ಟಿಯ ಮೇಲಿನ ಗಂಡನ ಕೈ ಸರಿಸಿದಳು. "ಹೊರಬಿದ್ದ ಒಲಿ ಒಳಗ ಹ್ಯಾಂಗ ಒಯ್ಯೂದು?"

ಒಲೆಗುಂಡು ಹೊರಬಿದ್ದ ಮನೆ ಅಳಿದ ಮನೆ, ಅದರೊಳಗೆ ಮತ್ತೆ ಒಲೆ ಹೂಡುವಂತಿರಲಿಲ್ಲ. ಕುಂಬಾರರು ಮೂರು ತಲೆಮಾರು ಆ ನೀರಿಲ್ಲದ ಗುಡ್ಡದ ಮೇಲೆಯೇ ಬಾಳಿದರು, ಚಾವಡಿಯಲ್ಲಿ ಅವರ ಮಾತು ನಡೆಯಿತು. ಮುಂದೆ ಕೆರೆಯ ಪಕ್ಕದಲ್ಲಿ ಹೊಸ ಕೇರಿ ಕಟ್ಟಿಕೊಂಡು, ಹೊಸ ಒಲೆ ಹೂಡಿ ಇಳಿದರು. ಒಲೆಗುಂಡಿನ ಗುಡ್ಡವೆಂಬ ಹೆಸರು ಉಳಿಯಿತು. ಇಂದು ಹೋದವರಿಗೆ ಮೇಲೆ ಮೂರು ಮೂರಾಗಿ ಮಸಿ ಹಿಡಿದ ಕಲ್ಲುಗಳು ಕಾಣುತ್ತವೆ. ಕೆಳಗೆ ಹಳೆಯ ಓಣಿಯ ಮೋಟುಗೋಡೆಗಳೂ ಇವೆ. ಪ್ರತಿ ಮನೆಯ ಮೂಲೆಯಲ್ಲೂ ಹಾರೆ ಹಾಕಿ ಮೀಟಿದ ಒಂದು ಗುಳಿ ಇದೆ, ಅದನ್ನು ಇವತ್ತಿಗೂ ಯಾರೂ ಮುಚ್ಚಿಲ್ಲ.