ಕೃಷಿ ಮೇಳಕ್ಕೆ ಹೋದ ಗಿಳಿ

ಸೂರ್ಯಕಾಂತಿ ಹೊಲಗಳಲ್ಲಿ ಹೊಟ್ಟೆತುಂಬ ತಿಂದುಕೊಂಡಿದ್ದ ಗಿಳಿಗಳಿಗೆ ಒಂದು ಕೆಟ್ಟ ಸುದ್ದಿ ಬಂತು. ಗಿಳಿಗಳನ್ನು ಓಡಿಸುವುದು ಹೇಗೆಂದು ಕೃಷಿ ಮೇಳದಲ್ಲಿ ಅಂದು ರೈತರಿಗೆ ಹೇಳಿಕೊಡುತ್ತಾರಂತೆ.

"ಅಜ್ಜಾ, ಇನ್ನು ನಮಗೆ ಉಪವಾಸವೇ ಗತಿ!" ಎಂದು ಮರಿಗಿಳಿ ಅತ್ತಿತು.

"ಅಳಬೇಡ, ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ" ಎಂದ ಮುದಿಗಿಳಿ ಹಾರಿಹೋಗಿ ಮೇಳದ ಪೆಂಡಾಲಿನ ಗಳದ ಮೇಲೆ ಕೂತಿತು.

ವಿಜ್ಞಾನಿಗಳು ಬಿಸಿಲಿಗೆ ಮಿಂಚುವ ಪಟ್ಟಿಯೊಂದನ್ನು ಎತ್ತಿ ತೋರಿಸಿ, "ಇದನ್ನು ಹೊಲದ ಉದ್ದಕ್ಕೂ ಕಟ್ಟಿ. ಗಿಳಿಗಳು ಹತ್ತಿರ ಸುಳಿಯುವುದಿಲ್ಲ" ಎಂದರು. ರೈತರೆಲ್ಲ ತಲೆಯಾಡಿಸಿದರು, ಜೋರಾಗಿ ಚಪ್ಪಾಳೆಯನ್ನೂ ತಟ್ಟಿದರು.

"ಯಾರಿಗಾದರೂ ಏನಾದರೂ ಕೇಳುವುದಿದೆಯೇ?"

ಮುಂದಿನ ಸಾಲಿನವನೊಬ್ಬ ಎದ್ದು, "ಊಟದ ಪೆಂಡಾಲ್ ಯಾವ ಕಡೆ ಐತ್ರಿ, ಸಾಹೇಬ್ರ?" ಎಂದ. ಎಲ್ಲರೂ ನಗುತ್ತ ಅತ್ತ ಹೊರಟರು. ಹಳ್ಳದ ದಂಡೆಯ ಹೊಲದ ದ್ಯಾಮವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಪಟ್ಟಿ ಕಾಳು ತುಂಬೂ ಮೊದ್ಲ ಕಟ್ಟಬೇಕೇನ್ರಿ, ಆಮ್ಯಾಲೇನ್ರಿ? ಗಾಳಿಗೆ ಹರದ್ರ ಏನ್ ಮಾಡೂದ್ರಿ?" ಎಂದಳು.

ಮುದಿಗಿಳಿ ಮರಳಿ ಬಂದು ಹಿಂಡಿಗೆಲ್ಲ ಸಾರಿತು: "ಹೆದರಬೇಡಿ, ಎಂದಿನಂತೆ ತಿನ್ನಿ! ಹಳ್ಳದ ದಂಡೆಯ ದ್ಯಾಮವ್ವನ ಹೊಲವೊಂದನ್ನು ಮಾತ್ರ ಮರೆತುಬಿಡಿ."

"ಯಾಕಜ್ಜಾ, ಅಲ್ಲಿ ಆಗಲೇ ಪಟ್ಟಿ ಕಟ್ಟಿದ್ದಾರೆಯೇ?" ಎಂದಿತು ಮರಿ.

"ಇನ್ನೂ ಇಲ್ಲ, ಮಗು. ಆದರೆ ಉಳಿದವರೆಲ್ಲ ತಲೆಯಾಡಿಸಿ ಊಟಕ್ಕೆ ಹೋದರು. ಅವಳೊಬ್ಬಳು ಪ್ರಶ್ನೆ ಕೇಳಿದಳು."